ಮುಸುರೆ ಕುದಿಯಬೇಕು

ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ದಾರಿಯಲ್ಲಿ ಸಿಗುವ ಸೀತಾಂಗೋಳಿ ಪುತ್ತಿಗೆ ಪಂಚಾಯತಿನ ಊರು. ಅಲ್ಲಿಗೆ ತೀರಾ ದೂರವಲ್ಲದ ಎಣ್ಮಕಜೆ ಪಂಚಾಯತಿನ ಕಾಟುಕುಕ್ಕೆಯಲ್ಲಿ 2023ರ ಜನವರಿಯಲ್ಲಿ ಆಫ್ರಿಕನ್ ಹಂದಿಜ್ವರ ಕಾಣಿಸಿಕೊಂಡಿತು. ಈ ರೋಗ ಬಂದರೆ ಫಾರ್ಮಿನ ಸುತ್ತ 1 ಕಿ.ಮೀ. ಒಳಗಿನ ಹಂದಿಗಳನ್ನೆಲ್ಲ ಕೊಂದು ಹೂಳಬೇಕು, 10 ಕಿ.ಮೀ. ತನಕ ನಿಗಾ ಇಡಬೇಕು ಎಂಬುದು ನಿಯಮ. ಮನುಷ್ಯರಿಗೆ ಇದು ತಗಲುವುದಿಲ್ಲ. ಹಂದಿಗಾದರೆ ಮದ್ದಿಲ್ಲ, ನಮ್ಮ ದೇಶದಲ್ಲಿ ಲಸಿಕೆಯೂ ಇಲ್ಲ.

ಈ ರೋಗದ ಜಾಡು ಹಿಡಿದು ಹೋದರೆ ಮತ್ತೆ ಮತ್ತೆ ಎದುರಾಗುವುದು ಮುಸುರೆ ಬಕೆಟ್ಟೇ. 1921ರಲ್ಲಿ ಕೀನ್ಯಾದಿಂದ ಮೊದಲು ವರದಿಯಾದ ರೋಗ 1957ರಲ್ಲಿ ಲಿಸ್ಬನ್ ತಲುಪಿದ್ದು ವಿಮಾನದಲ್ಲಿ ಮಿಕ್ಕ ಊಟದ ಮೂಲಕ. ಅದನ್ನು ನಿಲ್ದಾಣದ ಹತ್ತಿರದ ಹಂದಿಗಳಿಗೆ ಹಾಕಿದ್ದರು. 2007ರಲ್ಲಿ ಜಾರ್ಜಿಯಾದ ಪೋತಿ ಬಂದರಿಗೆ ಅದು ಹಡಗಿನ ಎಂಜಲಿನೊಡನೆ ಇಳಿಯಿತೆಂದು ತಜ್ಞರು ನಂಬುತ್ತಾರೆ. ಭಾರತಕ್ಕೆ ಬಂದದ್ದು 2020ರಲ್ಲಿ, ಅಸ್ಸಾಂ ಮತ್ತು ಅರುಣಾಚಲದ ಕಡೆಯಿಂದ. ವಯನಾಡಿಗೆ 2022ರ ಜುಲೈಯಲ್ಲಿ. ಉಪ್ಪು ಹಾಕಿ ಒಣಗಿಸಿದ ಹಂದಿಮಾಂಸದಲ್ಲೂ ಈ ವೈರಸ್ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ಮದುವೆಮನೆಯ ಒಂದು ತುಂಡು ಎಲುಬು ಸಾಕು.

ಹಾಗೆಂದು ಮುಸುರೆ ಬಿಟ್ಟುಬಿಡಿ ಎಂದರೆ ಸಾಕುವವರು ನಕ್ಕಾರು. ಹಂದಿ ಸಾಕಣೆಯ ಖರ್ಚಿನಲ್ಲಿ 100ಕ್ಕೆ 70 ರೂಪಾಯಿಯಷ್ಟು ಹೊಟ್ಟೆಗೇ ಹೋಗುತ್ತದೆ. ಹೋಟೆಲು, ಹಾಲ್‌ಗಳ ಉಳಿಕೆ ಇಲ್ಲದೆ ನಮ್ಮ ಕಡೆಯ ಸಣ್ಣ ಫಾರ್ಮು ನಡೆಯುವುದು ಕಷ್ಟ. ಆದರೆ ತಂದದ್ದನ್ನು ಕುದಿಸದೆ ಹಾಕಲೇಬಾರದು. ಅಂತಾರಾಷ್ಟ್ರೀಯ ಪಶು ಆರೋಗ್ಯ ಸಂಸ್ಥೆ ಹೇಳುವ ಅಳತೆ 90 ಡಿಗ್ರಿ ಸೆಲ್ಸಿಯಸ್, ಕನಿಷ್ಠ 60 ನಿಮಿಷ, ಕೈಬಿಡದೆ ತಿರುವುತ್ತಾ. ಮೇಲೆ ನೊರೆ ಬಂದಿತೆಂದು ಇಳಿಸಿದರೆ ನಡುವಿನ ಮುದ್ದೆ ಬೆಚ್ಚಗೂ ಆಗಿರುವುದಿಲ್ಲ. ಹಸಿ ಮುಸುರೆ ತಂದ ಡ್ರಮ್ಮಿಗೇ ಬೆಂದದ್ದನ್ನು ಸುರಿದರಂತೂ ಸುಟ್ಟ ಸೌದೆಯೆಲ್ಲ ದಂಡ. ಹಂದಿಮಾಂಸದ ಉಳಿಕೆಯನ್ನು ಬೇಯಿಸಿದರೂ ಹಾಕದಿರುವುದೇ ಲೇಸೆಂದು ನನ್ನ ಮತ.

ಬೆಂದ ಮುಸುರೆ ಹೊಟ್ಟೆ ತುಂಬಿಸುತ್ತದೆ, ಮೈ ತುಂಬಿಸುವುದಿಲ್ಲ. ಅದರಲ್ಲಿ ನೀರೂ ಅನ್ನವೂ ಹೆಚ್ಚು, ಪ್ರೋಟೀನು ಕಡಿಮೆ. ಹಂದಿಗೆ ದನದ ಹಾಗೆ ನಾಲ್ಕು ಕೋಣೆಯ ಹೊಟ್ಟೆಯಿಲ್ಲ; ಬೈಹುಲ್ಲಿನಿಂದ ಅದು ಬದುಕದು. ಬೆಳೆಯುವ ಹಂದಿಗೆ 16ರಿಂದ 18 ಶೇಕಡಾ ಪ್ರೋಟೀನಿನ ಆಹಾರ ಬೇಕು, ಮಾರುವ ಹೊತ್ತಿಗೆ 14 ಸಾಕು. ಜೋಳ, ತವುಡು, ತೆಂಗಿನ ಹಿಂಡಿ ಯಾವುದರಲ್ಲೂ ಲೈಸಿನ್ ಎಂಬ ಅಮೈನೊ ಆಮ್ಲ ಸಾಕಷ್ಟಿಲ್ಲ. ತೆಂಗಿನ ನಾಡಿನಲ್ಲಿ ಹಿಂಡಿಯನ್ನೇ ನೆಚ್ಚಿ ಕೂತವರ ಹಂದಿ ಬೆಳೆಯದೆ ಉಳಿಯುವುದಕ್ಕೆ ಇದೂ ಒಂದು ಕಾರಣ. ಸೋಯಾ ಹಿಂಡಿಯೋ ಸ್ವಲ್ಪ ಮೀನಿನ ಪುಡಿಯೋ ಸೇರಿಸಿದರೆ ಕೊರತೆ ತುಂಬುತ್ತದೆ. ಮೀನು ಅತಿಯಾದರೆ ಮಾಂಸಕ್ಕೂ ಅದೇ ವಾಸನೆ. ಒಣಮೀನಿನ ಚೂರು ಹಾಕುವವರಿಗೆ ಇನ್ನೊಂದು ಮಾತು: ಉಪ್ಪು ಹೆಚ್ಚಾಗಿ ಕುಡಿಯುವ ನೀರು ತಪ್ಪಿದರೆ ಹಂದಿಯ ಮಿದುಳು ಊದಿಕೊಂಡು ಅದು ಸೆಳೆತ ಬಂದು ಬೀಳುತ್ತದೆ. ಮರಿಗೆ ಹಾಲೂಡುವ ತಾಯಿಗೆ ದಿನಕ್ಕೆ 20 ಲೀಟರು ನೀರು ಹೆಚ್ಚಲ್ಲ. ಮರಗೆಣಸನ್ನು ಹೆಚ್ಚಿ ಒಣಗಿಸಿ ಅಥವಾ ಬೇಯಿಸಿ ಕೊಡಿ, ಹಸಿಯದರಲ್ಲಿ ಸಯನೈಡ್ ಇರುತ್ತದೆ. ಆಟಿ ತಿಂಗಳ ಮಳೆಗೆ ಬೂಸ್ಟು ಹಿಡಿದ ಜೋಳವನ್ನು ಹಂದಿಗಲ್ಲವೇ ಎಂದು ಸುರಿಯುವ ಅಭ್ಯಾಸ ಕೆಟ್ಟದ್ದು. ಅದರ ಅಫ್ಲಾಟಾಕ್ಸಿನ್ ಯಕೃತ್ತನ್ನು ಕೆಡಿಸಿ, ಬೇರೆ ರೋಗಗಳಿಗೂ ಬಾಗಿಲು ತೆರೆಯುತ್ತದೆ.

ಮರಿಗಳ ಮಾತು ಬೇರೆ. ಹುಟ್ಟಿದ ಮೊದಲ ಗಂಟೆಗಳಲ್ಲೇ ಗಿಣ್ಣುಹಾಲು ಸಿಗಬೇಕು. ರೋಗ ತಡೆಯುವ ಶಕ್ತಿ ಮರಿಗೆ ಬರುವುದು ಅದರಿಂದಲೇ, ಗರ್ಭದಲ್ಲಿ ಬರುವುದಿಲ್ಲ. ತಾಯಿಹಾಲಿನಲ್ಲಿ ಕಬ್ಬಿಣ ತೀರಾ ಕಡಿಮೆ. ಸಿಮೆಂಟು ನೆಲದ ಮರಿಗೆ ಮಣ್ಣು ಕೆದಕುವ ಭಾಗ್ಯವೂ ಇಲ್ಲ. ಮೂರನೆಯ ದಿನದ ಸುಮಾರಿಗೆ ಕಬ್ಬಿಣದ ಚುಚ್ಚುಮದ್ದು ಕೊಡದಿದ್ದರೆ ಅವು ಬಿಳುಚಿ ಸೊರಗುತ್ತವೆ.

ಮಾಮೂಲಿ ಹಂದಿಜ್ವರ ಬೇರೆಯೇ ರೋಗ, ಅದಕ್ಕೆ ಲಸಿಕೆಯಿದೆ. ಕಾಲುಬಾಯಿ ರೋಗಕ್ಕೂ ಇದೆ. ಎರಡನ್ನೂ ತಪ್ಪಿಸಬಾರದು. ಹಟ್ಟಿಯನ್ನು ಹಣ್ಣಿನ ಮರದಡಿ ಕಟ್ಟಬೇಡಿ. 1998-99ರಲ್ಲಿ ಮಲೇಷ್ಯಾದಲ್ಲಿ ಬಾವಲಿ ಕಚ್ಚಿ ಬೀಳಿಸಿದ ಹಣ್ಣಿನಿಂದ ನಿಪಾ ವೈರಸ್ ಹಂದಿಗೆ, ಹಂದಿಯಿಂದ ಮನುಷ್ಯರಿಗೆ ದಾಟಿ, ನೂರಕ್ಕೂ ಹೆಚ್ಚು ಮಂದಿ ಸತ್ತರು. ನಮ್ಮ ಮುರಕಲ್ಲಿನ ನೆಲ ನೀರನ್ನು ಬೇಗ ಇಂಗಿಸುವುದರಿಂದ ಹಟ್ಟಿಯ ಗಲೀಜು ಬಾವಿಗೂ ಕುಡಿಯುವ ನೀರಿನ ಸುರಂಗಕ್ಕೂ ಸುಲಭವಾಗಿ ಇಳಿಯುತ್ತದೆ, ಗುಂಡಿಯ ಜಾಗ ನೋಡಿ ಆರಿಸಿ. ಹೊಸದಾಗಿ ತಂದ ಹಂದಿಯನ್ನು ಒಂದು ತಿಂಗಳು ಬೇರೆ ಇರಿಸಿ. ಊರೂರು ಸುತ್ತುವ ವ್ಯಾಪಾರಿ ಎಷ್ಟೇ ಪರಿಚಿತನಿದ್ದರೂ ಗೇಟಿನ ಹೊರಗೇ ಮಾತಾಡಲಿ.

ಜೋರು ಜ್ವರ, ಕೆಂಪು-ನೀಲಿಗೆ ತಿರುಗಿದ ಕಿವಿ, ದಿನಕ್ಕೊಂದು ಸಾವು: ಇಷ್ಟು ಕಂಡರೆ ಉಳಿದವನ್ನು ಅವಸರದಲ್ಲಿ ಮಾರಬೇಡಿ, ಸತ್ತದ್ದನ್ನು ಗುಡ್ಡೆಗೆ ಎಸೆಯಬೇಡಿ. ಅಲ್ಲಿ ಕಾಡುಹಂದಿಗಳಿವೆ. ಅದೇ ದಿನ ಸರಕಾರಿ ಮೃಗಾಸ್ಪತ್ರೆಗೆ ತಿಳಿಸಿ. ಪರಿಹಾರ ಇರುವುದು ಇಲಾಖೆಯವರು ಕೊಂದ ಹಂದಿಗಳಿಗೆ, ಅದಕ್ಕೆ ಮೊದಲೇ ರೋಗದಿಂದ ಸತ್ತವಕ್ಕಲ್ಲ.