ಇಗರ್ಜಿ ಗಂಟೆ, ಏಳನೇ ಕ್ಲಾಸಿನ ಲೆಕ್ಕ

ಮಧ್ಯಾಹ್ನ ಹನ್ನೆರಡಕ್ಕೆ ಸರಿಯಾಗಿ ಇಗರ್ಜಿಯ ಗಂಟೆ ಬಾರಿಸುತ್ತಿತ್ತು. ಏಳನೇ ಕ್ಲಾಸಿನಲ್ಲಿ ಆ ಹೊತ್ತಿಗೆ ನಮಗೆ ಲೆಕ್ಕದ ಪಿರಿಯಡ್. ಬೋರ್ಡಿನ ಮೇಲೆ ಸಮೀಕರಣ ಅರ್ಧಕ್ಕೆ ನಿಲ್ಲುತ್ತಿತ್ತು. ಟೀಚರ್ ಸೀಮೆಸುಣ್ಣವನ್ನು ಮೇಜಿನ ಅಂಚಿಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಕೈಮುಗಿಯುತ್ತಿದ್ದರು. ನಾವೆಲ್ಲ ಏಳುತ್ತಿದ್ದೆವು. ಮನೆಯಲ್ಲಿ ಕೊಂಕಣಿ ಆಡುವ ಮಕ್ಕಳು ಮಾತೆ ಮರಿಯಮ್ಮನ ಪ್ರಾರ್ಥನೆಯನ್ನು ಮೆಲುದನಿಯಲ್ಲಿ ಹೇಳುತ್ತಿದ್ದರು. ತುಳು ಆಡುವ ನಾವು, ಬ್ಯಾರಿ ಆಡುವ ಗೆಳೆಯರು ಸುಮ್ಮನೆ ನಿಲ್ಲುತ್ತಿದ್ದೆವು. ನೀವೂ ಹೇಳಿ ಎಂದು ನಮಗೆ ಯಾರೂ ಹೇಳಿದ್ದಿಲ್ಲ. ಎರಡು ನಿಮಿಷ ಕಳೆಯುತ್ತಿದ್ದಂತೆ ಬೆಂಚುಗಳ ಸದ್ದು. 'ಎಲ್ಲಿಗೆ ಬಂದಿದ್ದೆವು?' ಎಂದು ಟೀಚರ್ ಕೇಳುವಷ್ಟರಲ್ಲಿ ಮುಂದಿನ ಬೆಂಚಿನವರು ಉತ್ತರ ಹೇಳಿ ಆಗಿರುತ್ತಿತ್ತು.

ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ಇಂಥ ಶಾಲೆಗಳು ಊರೂರಿಗೂ ಇವೆ. ಒಂದು ಬದಿಗೆ ಇಗರ್ಜಿ, ಅದರ ಬೆನ್ನಿಗೆ ಸಮಾಧಿಗಳಿರುವ ಸಿಮಿತ್ರಿ, ಇನ್ನೊಂದು ಬದಿಗೆ ಹಂಚಿನ ಮಾಡಿನ ಉದ್ದ ಕಟ್ಟಡ, ನಡುವೆ ಕೆಂಪು ಮಣ್ಣಿನ ಮೈದಾನ. ಕೆಥೋಲಿಕರದ್ದಾದರೆ ಜನ 'ಚರ್ಚ್ ಶಾಲೆ' ಎಂದೋ 'ಸಿಸ್ಟರ್ ಶಾಲೆ' ಎಂದೋ ಕರೆಯುತ್ತಾರೆ. ಪ್ರಾಟೆಸ್ಟೆಂಟರದ್ದಾದರೆ 'ಮಿಶನ್ ಶಾಲೆ'. ಕೆಥೋಲಿಕ ಊರುಗಳಲ್ಲಿ ಹೆಚ್ಚಾಗಿ ಇಗರ್ಜಿಯ ಧರ್ಮಗುರುಗಳೇ ಶಾಲೆಯ ಸಂಚಾಲಕರು. ಹಳೆಯ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಹೆಚ್ಚಿನವು ಅನುದಾನಿತ. ಎಂದರೆ ಕಟ್ಟಡ, ನಿರ್ವಹಣೆ ಆಡಳಿತ ಮಂಡಳಿಯದ್ದು, ಮಂಜೂರಾದ ಹುದ್ದೆಗಳ ಸಂಬಳ ಸರಕಾರದ್ದು.

ಕರಾವಳಿಯ ಹೊರಗಿನ ಗೆಳೆಯರು ಈಗಲೂ ನನ್ನನ್ನು ಕೇಳುವುದುಂಟು: ಕ್ರೈಸ್ತ ಶಾಲೆ ಅಂದರೆ ಅಲ್ಲಿ ಪಾಠವೇ ಬೇರೆಯಾ? ಪಾಠ ಬೇರೆಯಲ್ಲ. ಪಠ್ಯಪುಸ್ತಕ ಸರಕಾರದ್ದೇ, ಪರೀಕ್ಷೆ ಸರಕಾರದ್ದೇ, ಮಧ್ಯಾಹ್ನದ ಬಿಸಿಯೂಟವೂ ಅಕ್ಷರ ದಾಸೋಹದ್ದೇ. ವ್ಯತ್ಯಾಸ ಇರುವುದು ವೇಳಾಪಟ್ಟಿಯ ಅಂಚಿನಲ್ಲಿ, ಬೆಳಗ್ಗಿನ ಅಸೆಂಬ್ಲಿಯಲ್ಲಿ, ವಾರಕ್ಕೆರಡು ನೀತಿ ಪಿರಿಯಡ್‌ನಲ್ಲಿ, ಶನಿವಾರದ ತೋಟದ ಕೆಲಸದಲ್ಲಿ. ಆ ಅಂಚು ಮಗುವನ್ನು ನಿಜವಾಗಿ ಮುಟ್ಟುವುದು ಆರು, ಏಳು, ಎಂಟನೇ ಕ್ಲಾಸಿನಲ್ಲಿ. ಹಾಗಾಗಿ ಆ ಮೂರು ವರ್ಷಗಳ ಬಗ್ಗೆಯೇ ಬರೆಯುತ್ತಿದ್ದೇನೆ.

ಈ ಹಂತಕ್ಕೆ ನಮ್ಮಲ್ಲಿ ಹೆಸರುಗಳು ಹಲವು. ಸರಕಾರಿ ಕಾಗದದಲ್ಲಿ ಹಿರಿಯ ಪ್ರಾಥಮಿಕ. ಹಳೆ ಮೈಸೂರಿನವರಿಗೆ ಮಿಡ್ಲ್ ಸ್ಕೂಲು. ಧಾರವಾಡದ ಕಡೆಯ ಅಜ್ಜಂದಿರಿಗೆ ಏಳನೆಯದೆಂದರೆ ಮುಲ್ಕಿ ಪರೀಕ್ಷೆ. ಮದ್ರಾಸ್ ಪ್ರಾಂತಕ್ಕೆ ಸೇರಿದ್ದ ನಮ್ಮ ಜಿಲ್ಲೆಯ ಹಿರಿಯರು ಎಂಟನೇ ಕ್ಲಾಸಿನ ಇ.ಎಸ್.ಎಲ್.ಸಿ. ಪಾಸು ಮಾಡಿದವರನ್ನು ಗೌರವದಿಂದ ನೋಡುತ್ತಿದ್ದರು. ಅಷ್ಟು ಓದಿದವರು ಮಾಸ್ಟ್ರಾಗಬಹುದಿತ್ತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಇದನ್ನು ಮಧ್ಯಮ ಹಂತ ಎಂದು ಕರೆಯಿತು.

ಆರನೇ ಕ್ಲಾಸಿಗೆ ಬಂದ ಮಗುವಿನ ಚೀಲ ಒಮ್ಮೆಲೇ ತೂಕವಾಗುತ್ತದೆ. ಐದನೆಯದರವರೆಗೆ ಪರಿಸರ ಅಧ್ಯಯನ ಎಂಬ ಒಂದೇ ಪುಸ್ತಕವಿತ್ತು. ಈಗ ಅದು ವಿಜ್ಞಾನ, ಸಮಾಜ ವಿಜ್ಞಾನ ಎಂದು ಎರಡಾಗಿ ಒಡೆಯುತ್ತದೆ. ಕನ್ನಡ, ಇಂಗ್ಲಿಷಿನ ಜೊತೆಗೆ ಮೂರನೇ ಭಾಷೆ ಬಂದು ಸೇರುತ್ತದೆ. ಲೆಕ್ಕದಲ್ಲಿ ಅಂಕಿಗಳ ನಡುವೆ ಅಕ್ಷರ ಬಂದು ಕೂರುತ್ತದೆ. ದಿನವಿಡೀ ಒಬ್ಬರೇ ಟೀಚರ್ ಇದ್ದ ಜಾಗದಲ್ಲಿ ವಿಷಯಕ್ಕೊಬ್ಬರು ಬರುತ್ತಾರೆ. ಶಿಕ್ಷಣ ಹಕ್ಕು ಕಾಯ್ದೆಯ ಪಟ್ಟಿಯಲ್ಲೂ ಇದರ ಗುರುತಿದೆ. ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ 200 ದಿನ, 800 ಗಂಟೆ ಪಾಠವಾದರೆ, ಆರರಿಂದ ಎಂಟಕ್ಕೆ 220 ದಿನ, 1000 ಗಂಟೆ. ಬಾಯಿಪಾಠ ಒಪ್ಪಿಸುತ್ತಿದ್ದ ಮಗು 'ಯಾಕೆ?' ಎಂದು ಕೇಳಲು ಶುರು ಮಾಡುವ ಪ್ರಾಯವೂ ಇದೇ.

ನೀತಿ ಪಿರಿಯಡ್ ಬಂದಾಗ ಕ್ಲಾಸು ಎರಡಾಗುತ್ತಿತ್ತು. ಕೆಥೋಲಿಕ ಮಕ್ಕಳು ದೊತೊರ್ನ್‌ಗೆ, ಅಂದರೆ ಅವರ ಧರ್ಮೋಪದೇಶದ ಪಾಠಕ್ಕೆ, ಪಕ್ಕದ ಕೋಣೆಗೆ ಹೋಗುತ್ತಿದ್ದರು. ಉಳಿದ ನಮಗೆ ನೀತಿ ಶಿಕ್ಷಣ. ಈ ವಿಂಗಡಣೆಯ ಹಿಂದೆ ಸಂವಿಧಾನದ 28ನೇ ವಿಧಿ ಇದೆ ಎಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ಸರಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಧಾರ್ಮಿಕ ಬೋಧನೆ ಇರಬಹುದು, ಆದರೆ ಒಪ್ಪಿಗೆಯಿಲ್ಲದೆ ಯಾರನ್ನೂ ಅದರಲ್ಲಿ ಕೂರಿಸುವಂತಿಲ್ಲ. ಮಕ್ಕಳ ವಿಷಯದಲ್ಲಿ ಆ ಒಪ್ಪಿಗೆ ಹೆತ್ತವರದ್ದು. ಅಲ್ಪಸಂಖ್ಯಾತರು ತಮ್ಮ ಶಾಲೆ ಕಟ್ಟಿ ನಡೆಸುವ ಹಕ್ಕು 30ನೇ ವಿಧಿಯದ್ದು. ಈ ಎರಡು ವಿಧಿಗಳು ಒಟ್ಟಿಗೆ ಬಾಳುವುದು ಹೇಗೆಂದು ನಾನು ಪುಸ್ತಕದಿಂದ ಕಲಿಯಲಿಲ್ಲ. ಎರಡು ಕೋಣೆಗಳ ನಡುವಿನ ಒಂದು ತೆಳು ಗೋಡೆಯ ಪಕ್ಕದಲ್ಲಿ ಕೂತು ಕಲಿತೆ.

ಆ ನೀತಿ ಪಾಠದ ಒಂದು ದಿನ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಸಿಸ್ಟರ್ ಅವತ್ತು ಬೈಬಲಿನ ಸಮಾರಿಯದವನ ಕತೆ ಹೇಳಿದರು. ಕಳ್ಳರ ಕೈಗೆ ಸಿಕ್ಕು ದಾರಿಯಲ್ಲಿ ಬಿದ್ದವನನ್ನು ದೊಡ್ಡವರು ನೋಡಿಯೂ ದಾಟಿಹೋದದ್ದು, ಪರಜಾತಿಯವನೊಬ್ಬ ನಿಂತು ಎತ್ತಿಕೊಂಡದ್ದು. ಕತೆ ಮುಗಿಸಿ ನೀತಿ ಹೇಳುತ್ತಾರೆ ಎಂದು ಕಾದೆವು. ಅವರು ಹೇಳಲಿಲ್ಲ. 'ನೀವು ಯಾರನ್ನು ದಾಟಿಹೋಗಿದ್ದೀರಿ? ಒಂದು ಪುಟ ಬರೆಯಿರಿ' ಎಂದರು. ಅರ್ಧ ಗಂಟೆ ಕ್ಲಾಸಿನಲ್ಲಿ ಉಸಿರಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ನನ್ನ ಬೆಂಚಿನ ಹುಡುಗ ಒಣಮೀನು ಮಾರುವ ಹೆಂಗಸಿನ ಬಗ್ಗೆ ಬರೆದ. ಬಸ್ ಸ್ಟ್ಯಾಂಡಿನಲ್ಲಿ ಅವಳ ಬುಟ್ಟಿ ಉರುಳಿತ್ತು, ಇವನು ಯೂನಿಫಾರ್ಮಿಗೆ ವಾಸನೆ ಹಿಡಿದೀತೆಂದು ಬಸ್ ಹತ್ತಿಬಿಟ್ಟಿದ್ದ. ಸಿಸ್ಟರ್ ಅದನ್ನು ಓದಿ ಮಾರ್ಕು ಹಾಕಲಿಲ್ಲ. ಕೆಳಗೆ ಸಹಿ ಮಾತ್ರ ಮಾಡಿ ಪುಸ್ತಕ ವಾಪಸು ಕೊಟ್ಟರು. ಮತ್ತೊಂದು ವಾರ ಬುದ್ಧನ ಕತೆ, ಇನ್ನೊಂದು ವಾರ ಗಾಂಧೀಜಿಯದ್ದು. ಕತೆ ಯಾರದಾದರೂ ಆ ಒಂದು ಪುಟ ಬರೆಯುವುದು ತಪ್ಪುತ್ತಿರಲಿಲ್ಲ. ಕನ್ನಡದಲ್ಲಿ ನನ್ನ ಬಗ್ಗೆ ನಾನು ನಿಜ ಬರೆಯಲು ಕಲಿತದ್ದು ಕನ್ನಡ ಪಾಠದಲ್ಲಲ್ಲ, ಆ ಪಿರಿಯಡ್‌ನಲ್ಲಿ.

ಭಾಷೆಯ ಮಾತು ಬಂತು. ಕರಾವಳಿಯ ಚರ್ಚ್ ಶಾಲೆಯ ಏಳನೇ ಕ್ಲಾಸಿನಲ್ಲಿ ಕಿವಿಗೊಟ್ಟು ಕೂತರೆ ನಾಲ್ಕು ಮನೆಮಾತು ಕೇಳಿಸುತ್ತದೆ. ತುಳು, ಕೊಂಕಣಿ, ಬ್ಯಾರಿ, ಜೊತೆಗೆ ಘಟ್ಟದ ಮೇಲಿಂದ ಕೆಲಸಕ್ಕೆ ಬಂದವರ ಮಕ್ಕಳ ಬಯಲುಸೀಮೆ ಕನ್ನಡ. ಇಷ್ಟು ಮಂದಿಗೆ ನಡುವಿನ ಭಾಷೆ ಪುಸ್ತಕದ ಕನ್ನಡ. ಆದ್ದರಿಂದ ಇಲ್ಲಿನ ಕನ್ನಡ ಟೀಚರಿಗೆ ಕೆಲಸ ಹೆಚ್ಚು. ಯಾರಿಗೂ ಅದು ಅಡುಗೆಮನೆಯಲ್ಲಿ ಕಲಿತ ಮಾತಲ್ಲ, ಎಲ್ಲರಿಗೂ ಶಾಲೆಯಲ್ಲೇ ಕೂಡಿಸಿ ಕೊಡಬೇಕು. ಮನೆಮಾತುಗಳಿಗೂ ಈಗ ವೇಳಾಪಟ್ಟಿಯಲ್ಲಿ ಜಾಗ ಸಿಕ್ಕಿದೆ. ಆರನೇ ಕ್ಲಾಸಿನಿಂದ ಮೂರನೇ ಭಾಷೆಯಾಗಿ ಕೊಂಕಣಿ 2007ರಲ್ಲಿ ಬಂತು, ತುಳು 2010ರಲ್ಲಿ ಬಂತು. ಎಲ್ಲ ಶಾಲೆಗಳಲ್ಲಿ ಇಲ್ಲ, ಇದ್ದ ಕಡೆಯೂ ಟೀಚರು ಸಿಗುವುದು ಸುಲಭವಿಲ್ಲ. ಆದರೂ ಅಜ್ಜಿಯ ಮಾತಿಗೆ ಪರೀಕ್ಷೆಯಲ್ಲಿ ಮಾರ್ಕು ಸಿಗುತ್ತದೆ ಎಂಬುದು ಮಗುವಿಗೆ ಸಣ್ಣ ವಿಷಯವಲ್ಲ.

ಶಾಲೆಗೂ ಭಾಷೆಗೂ ಇರುವ ಈ ನಂಟಿನ ಬೇರು ಹಳೆಯದು. 1834ರಲ್ಲಿ ಸ್ವಿಜರ್ಲೆಂಡಿನ ಬಾಸೆಲ್ ಮಿಶನ್ನಿನಿಂದ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದಿಳಿದರು. ಎರಡು ವರ್ಷದ ಮೇಲೆ ಹರ್ಮನ್ ಮೊಗ್ಲಿಂಗ್ ಬಂದರು. ಅವರು ಶಾಲೆಯ ಹುಡುಗರೊಂದಿಗೆ ಒಂದೇ ಸೂರಿನಡಿ ಬದುಕಿ ಪಾಠ ಹೇಳಿದವರು. ಕನ್ನಡದಲ್ಲಿ ಓದಿಸಬೇಕೆಂದರೆ ಕನ್ನಡದಲ್ಲಿ ಪುಸ್ತಕ ಬೇಕಲ್ಲ? 1841ರಲ್ಲಿ ಕಲ್ಲಚ್ಚಿನ ಮುದ್ರಣ ಶುರುವಾಯಿತು. 1843ರ ಜುಲೈ 1ರಂದು ಅದೇ ಕಲ್ಲಚ್ಚಿನಿಂದ 'ಮಂಗಳೂರ ಸಮಾಚಾರ' ಹೊರಬಂತು, ಕನ್ನಡದ ಮೊದಲ ಪತ್ರಿಕೆ. ನಾಲ್ಕು ಪುಟ, ಬೆಲೆ ಒಂದು ದುಡ್ಡು. ಹೀಗೆ ಶುರುವಾದ ಅಚ್ಚುಕೂಟ ಮುಂದೆ ಇಡೀ ನಾಡಿಗೆ ಪುಸ್ತಕ ಕೊಟ್ಟಿತು. 1853ರಲ್ಲಿ ಬಂದ ಕಿಟೆಲ್ ದಶಕಗಳ ದುಡಿಮೆಯ ನಂತರ 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಕೊಟ್ಟದ್ದೂ ಆ ಪ್ರೆಸ್ಸಿನಿಂದಲೇ. ತುಳುವಿಗೆ ಬ್ರಿಗೆಲ್ 1872ರಲ್ಲಿ ವ್ಯಾಕರಣ ಬರೆದರು, ಮ್ಯಾನರ್ 1886ರಲ್ಲಿ ನಿಘಂಟು ಮಾಡಿದರು.

ನನಗೆ ಬಹಳ ಪ್ರೀತಿಯ ಸಂಗತಿಯೊಂದಿದೆ. ಕೆಥೋಲಿಕರ ಶಾಲೆಗಳು ಬೇರೆಯೇ ದಾರಿಯಲ್ಲಿ ಬೆಳೆದವು. 1848ರಲ್ಲಿ ಮಿಲಾಗ್ರಿಸ್, 1870ರಲ್ಲಿ ಮಂಗಳೂರಿಗೆ ಬಂದ ಅಪೊಸ್ತಲಿಕ್ ಕಾರ್ಮೆಲ್ ಸಿಸ್ಟರುಗಳ ಹೆಣ್ಣುಮಕ್ಕಳ ಶಾಲೆ, 1880ರಲ್ಲಿ ಜೆಸುಯಿಟರ ಸಂತ ಅಲೋಶಿಯಸ್. ಈ ಜೆಸುಯಿಟರಲ್ಲಿ ಒಬ್ಬರಾದ ಮಾಫೆಯಿ 1882ರಲ್ಲಿ ಕೊಂಕಣಿ ವ್ಯಾಕರಣ ಬರೆದರು. ಆ ಕಾಲದಲ್ಲಿ ಎರಡು ಸಭೆಗಳ ನಡುವೆ ಮಾತುಕತೆ ಕಡಿಮೆ. ಆದರೂ ಆ ಕೆಥೋಲಿಕ ಪಾದ್ರಿಯ ಪುಸ್ತಕ ಅಚ್ಚಾದದ್ದು ಪ್ರಾಟೆಸ್ಟೆಂಟರ ಬಾಸೆಲ್ ಮಿಶನ್ ಪ್ರೆಸ್ಸಿನಲ್ಲಿ. ಇವತ್ತು ಆರನೇ ಕ್ಲಾಸಿನ ಮಗು ಕೊಂಕಣಿ ಪಠ್ಯ ಬಿಡಿಸುವಾಗ ಆ ಎರಡೂ ಮನೆಗಳ ಋಣ ಅದರ ಕೈಯಲ್ಲಿರುತ್ತದೆ.

ಕೈಕೆಲಸವೂ ಅಲ್ಲಿಂದಲೇ ಬಂತು. ಬಾಸೆಲ್ ಮಿಶನ್ನಿನವರು ಓದಿನ ಜೊತೆ ನೇಯ್ಗೆ, ಅಚ್ಚಿನ ಕೆಲಸ, ಪುಸ್ತಕ ಕಟ್ಟುವ ಕೆಲಸ ಕಲಿಸಿದರು. 1865ರಲ್ಲಿ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ಮಂಗಳೂರು ಹಂಚು ಎಂಬ ಹೆಸರಿನ ಕತೆ ಅಲ್ಲಿಂದ ಮೊದಲಾಗುತ್ತದೆ. ನಮ್ಮ ಕಾಲಕ್ಕೆ ಅದೆಲ್ಲ ಕ್ರಾಫ್ಟ್ ಪಿರಿಯಡ್ ಆಗಿ ಇಳಿದಿತ್ತು. ಹುಡುಗರಿಗೆ ತೋಟ, ಹುಡುಗಿಯರಿಗೆ ಹೊಲಿಗೆ ಎಂದು ಪಾಲು ಮಾಡಿದ್ದರು. ಆ ಪಾಲು ಸರಿಯಲ್ಲ ಎಂದು ನನಗೆ ಆಗ ಹೊಳೆಯಲಿಲ್ಲ, ಈಗ ಹೇಳುತ್ತೇನೆ. ಶರ್ಟಿಗೆ ಗುಂಡಿ ಹೊಲಿಯಲು ನಾನು ಮೂವತ್ತು ದಾಟಿದ ಮೇಲೆ ಕಲಿತೆ. ಆದರೆ ತೋಟದ ಕೆಲಸ ಸುಳ್ಳಾಗಲಿಲ್ಲ. ಬಸಳೆ ಚಪ್ಪರಕ್ಕೆ ಕೋಲು ನೆಡುವುದು, ಬಾಳೆಬುಡಕ್ಕೆ ಸೊಪ್ಪು ಹಾಕುವುದು, ಬಾವಿಯಿಂದ ಸಾಲಾಗಿ ಕೊಡ ದಾಟಿಸುವುದು. ಆ ಸಾಲಿನಲ್ಲಿ ನಿಂತವರ ಜಾತಿ ಯಾರೂ ಕೇಳಲಿಲ್ಲ. ಆ ಬಸಳೆ ಅಡುಗೆಕೋಣೆಗೆ ಹೋಗಿ ಎಲ್ಲರ ತಟ್ಟೆಗೂ ಬರುತ್ತಿತ್ತು. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ, ಅಂದರೆ ಮರಿಯಮ್ಮನ ಹಾಗೂ ಹೊಸ ತೆನೆಯ ಹಬ್ಬಕ್ಕೆ, ಮೊದಲಿನ ಒಂಬತ್ತು ದಿನ ಕೊಂಕಣಿ ಮಕ್ಕಳು ಮಾತೆ ಮರಿಯಮ್ಮನಿಗೆ ಹೂ ತರುತ್ತಿದ್ದರು. ಅವರ ಮನೆ ತೋಟದಲ್ಲಿ ಹೂ ಮುಗಿದರೆ ನಮ್ಮ ಮನೆಯ ದಾಸವಾಳ, ರಥಪುಷ್ಪ ಅವರ ಬುಟ್ಟಿಗೆ ಸೇರುತ್ತಿತ್ತು. ಹಬ್ಬದ ಹೊಸಕ್ಕಿ ಊಟದ ಸುದ್ದಿ ಮರುದಿನ ನಮಗೆ ಬಾಯಲ್ಲಿ ನೀರೂರಿಸುತ್ತಿತ್ತು.

ಎಲ್ಲವೂ ಚೆನ್ನಾಗಿತ್ತು ಎಂದರೆ ಸುಳ್ಳಾಗುತ್ತದೆ. ಬೆತ್ತ ಇತ್ತು, ಏಳನೇ ಕ್ಲಾಸಿನ ಪಬ್ಲಿಕ್ ಪರೀಕ್ಷೆಯ ವರ್ಷ ಅದು ಇನ್ನೂ ಜೋರಾಗಿತ್ತು. ಭಿನ್ನರಾಶಿ ತಪ್ಪಿದ್ದಕ್ಕೆ ನನ್ನ ಅಂಗೈ ಊದಿದ ದಿನ ಅಮ್ಮ ಎಣ್ಣೆ ಹಚ್ಚಿ ಸುಮ್ಮನಾದಳು, ಶಾಲೆಗೆ ಹೋಗಿ ಕೇಳಲಿಲ್ಲ. ಕೇಳಬೇಕಿತ್ತು. ಶಿಸ್ತಿನ ಹೆಸರಿನಲ್ಲಿ ಪ್ರಶ್ನೆ ಕೇಳುವ ಮಗುವಿನ ಬಾಯಿ ಮುಚ್ಚಿಸಿದ ಶಾಲೆಗಳೂ ಇದ್ದವು. ಕಾನೂನು ಬಂದ ಮೇಲೆ ಬೆತ್ತ ಹೋಯಿತು. ಅದು ಹೋದದ್ದರಿಂದ ಶಿಸ್ತೇನೂ ಹೋಗಲಿಲ್ಲ. ನಿಂತು ಕೈಮುಗಿಯುವ ಆ ಎರಡು ನಿಮಿಷ, ಕೊಡ ದಾಟಿಸುವ ಆ ಸಾಲು, ಇವುಗಳಲ್ಲೇ ಅದು ಇತ್ತು.

ಈಗಿನ ಸಂಕಟ ಬೇರೆ. ಅದೇ ಕಂಪೌಂಡಿನಲ್ಲಿ ಇಂಗ್ಲಿಷ್ ಮಾಧ್ಯಮದ ಹೊಸ ಕಟ್ಟಡ ಎದ್ದಿದೆ, ಹಂಚಿನ ಮಾಡಿನ ಕೆಳಗೆ ಬೆಂಚುಗಳು ಖಾಲಿಯಾಗುತ್ತಿವೆ. ಕ್ರೈಸ್ತ ಮನೆಗಳ ಮಕ್ಕಳೇ ಮೊದಲು ಆಚೆ ಹೋದರು. ಹೆತ್ತವರನ್ನು ನಾನು ದೂರುವುದಿಲ್ಲ, ಮಗುವಿನ ಹೊಟ್ಟೆಪಾಡಿನ ಚಿಂತೆ ಅವರದ್ದು. ಆದರೆ ಅನುದಾನಿತ ಶಾಲೆಯಲ್ಲಿ ನಿವೃತ್ತರಾದವರ ಜಾಗ ವರ್ಷಗಟ್ಟಲೆ ತುಂಬದೆ ಉಳಿಯುವುದನ್ನು ನೋಡಿದರೆ ಸಿಟ್ಟು ಬರುತ್ತದೆ. ವಿಷಯಕ್ಕೊಬ್ಬ ಟೀಚರ್ ಬೇಕಾದ ಹಂತದಲ್ಲಿ ಇಬ್ಬರು ಎಲ್ಲ ವಿಷಯ ಹೇಳುತ್ತಾರೆ. ಆಡಳಿತ ಮಂಡಳಿಯೋ ಹಳೆ ವಿದ್ಯಾರ್ಥಿಗಳೋ ಕೈಯಿಂದ ಗೌರವಧನ ಕೊಟ್ಟು ಇಟ್ಟುಕೊಂಡ ಗೌರವ ಶಿಕ್ಷಕಿಯರು ಇಲ್ಲದಿದ್ದರೆ ಎಷ್ಟೋ ಶಾಲೆಗಳಲ್ಲಿ ವಿಜ್ಞಾನ, ಲೆಕ್ಕದ ಪಿರಿಯಡ್ ಇಷ್ಟರಲ್ಲೇ ನಿಂತುಹೋಗುತ್ತಿತ್ತು.

ಮಗುವನ್ನು ಆರನೇ ಕ್ಲಾಸಿಗೆ ಎಲ್ಲಿ ಸೇರಿಸುವುದೆಂದು ಯೋಚಿಸುತ್ತಿರುವವರು ನಿಮ್ಮೂರಿನ ಹಳೆ ಚರ್ಚ್ ಶಾಲೆಗೆ ಒಂದು ಕೆಲಸದ ದಿನ ಹೋಗಿ. ಮುಖ್ಯ ಟೀಚರನ್ನು ಕೇಳಿ ಹಿಂದಿನ ಬೆಂಚಿನಲ್ಲಿ ಅರ್ಧ ದಿನ ಕೂರಿ. ಅಲ್ಲಿ ಓದಿ ಮುಂಬಯಿ, ದುಬೈ, ಬೆಂಗಳೂರು ಸೇರಿದವರು ಊರಿಗೆ ಬಂದಾಗ ಹಬ್ಬದ ಊಟ ಮುಗಿಸಿ ಹಾಗೇ ಹೊರಡಬೇಡಿ, ಶಾಲೆಯ ಕಚೇರಿಗೂ ಒಂದು ಗಳಿಗೆ ಹೋಗಿ, ಒಬ್ಬ ಗೌರವ ಶಿಕ್ಷಕಿಯ ಒಂದು ವರ್ಷದ ಗೌರವಧನ ಎಷ್ಟೆಂದು ಕೇಳಿ. ನಾನು ಓದಿದ ಶಾಲೆಯಲ್ಲಿ ಇಗರ್ಜಿಯ ಗಂಟೆ ಈಗಲೂ ಹನ್ನೆರಡಕ್ಕೆ ಬಾರಿಸುತ್ತದೆ. ಏಳನೇ ಕ್ಲಾಸಿನಲ್ಲಿ ಬೆಂಚಿಗೊಬ್ಬರಂತೆ ಮಕ್ಕಳಿದ್ದಾರೆ. ಲೆಕ್ಕಕ್ಕೆ ಟೀಚರ್ ಬೇಕಾಗಿದ್ದಾರೆ.