ಹತ್ತಿ ಬಿಡಿಸುವ ತಿಂಗಳಲ್ಲಿ ಗುಲಾಬಿ ಬಸ್ಸು

ಮಾನ್ವಿ ಕಡೆಯ ಒಂದು ಊರು. ಸರಕಾರಿ ಶಾಲೆಯ ಬೇವಿನ ಮರದಡಿ ಗುಲಾಬಿ ಬಣ್ಣದ ಬಸ್ಸು ಬಂದು ನಿಂತು ತಾಸು ಮೇಲಾಯಿತು. ಜನರೇಟರ್ ಗುರುಗುಡುತ್ತಿದೆ. ಶಾಮಿಯಾನದ ಕೆಳಗೆ ಸಾಲು ಸಾಲು ಪ್ಲಾಸ್ಟಿಕ್ ಕುರ್ಚಿ, ಮೇಜಿನ ಮೇಲೆ ಬಿಸ್ಕಿಟ್ ಪೊಟ್ಟಣ, ನೀರಿನ ಬಾಟಲಿ. ಬ್ಯಾನರ್‌ನಲ್ಲಿ ಹಣ ಕೊಟ್ಟ ಕಂಪನಿಯ ಗುರುತು ದೊಡ್ಡದಾಗಿದೆ, ‘ಉಚಿತ ಸ್ತನ ಕ್ಯಾನ್ಸರ್ ತಪಾಸಣೆ ಶಿಬಿರ’ ಎಂಬ ಅಕ್ಷರಗಳು ಅದಕ್ಕಿಂತ ಚಿಕ್ಕವು. ಕುರ್ಚಿಗಳಲ್ಲಿ ಕೂತವರು ನಾಲ್ಕೈದು ಮಂದಿ ಅಜ್ಜಿಯರು, ತಾಯಿ ಕಾರ್ಡ್ ಹಿಡಿದು ಬಂದ ಇಬ್ಬರು ಬಸುರಿಯರು, ಬಸ್ಸನ್ನು ಮುಟ್ಟಿ ನೋಡಲು ಬಂದ ಹುಡುಗರು. ಯಾರಿಗಾಗಿ ಬಸ್ಸು ಬಂದಿದೆಯೋ ಆ ಹೆಂಗಸರು ಊರಲ್ಲೇ ಇಲ್ಲ.

ಇದು ಅಕ್ಟೋಬರ್. ಎರೆಹೊಲದಲ್ಲಿ ಹತ್ತಿ ಒಡೆದು ಬಿಳಿಯಾಗಿದೆ. ಹೆಂಗಸರು ಬುತ್ತಿ ಕಟ್ಟಿಕೊಂಡು ಬೆಳಕು ಹರಿಯುವ ಹೊತ್ತಿಗೇ ಟಂಟಂ ಹತ್ತಿ ಹೋಗಿಬಿಟ್ಟಿದ್ದಾರೆ. ಬಿಡಿಸಿದ ಹತ್ತಿಗೆ ಕಿಲೋ ಲೆಕ್ಕದಲ್ಲಿ ಕೂಲಿ. ಒಂದು ಹೊತ್ತು ತಪ್ಪಿಸಿದರೆ ಆ ಹೊತ್ತಿನ ದುಡ್ಡು ಹೋದಂತೆ. ಜಗತ್ತಿಗೆಲ್ಲ ಅಕ್ಟೋಬರ್ ಸ್ತನ ಕ್ಯಾನ್ಸರ್ ಜಾಗೃತಿಯ ಮಾಸ. ಗುಲಾಬಿ ರಿಬ್ಬನ್ ಹೊರಬರುವುದೂ ಕಂಪನಿಗಳ ಸಾಮಾಜಿಕ ಹೊಣೆಯ ಹಣ ಬಿಡುಗಡೆಯಾಗುವುದೂ ಆಗಲೇ. ಎರೆಭೂಮಿಯ ಪಂಚಾಂಗವನ್ನು ಯಾರೂ ಕೇಳಿಲ್ಲ. ಬಿಸಿಲಿಗೆ ಸೆರಗು ಹೊದ್ದು ಮನೆ ಮನೆ ತಿರುಗಿ ಬಂದ ಆಶಾ ಕಾರ್ಯಕರ್ತೆ ಕುರ್ಚಿಯಲ್ಲಿ ಕುಸಿದು, “ಅಮಾಸಿ ದಿನ ಇಟ್ಟಿದ್ರ ಎಲ್ಲಾರೂ ಮನ್ಯಾಗ ಸಿಗ್ತಿದ್ರು ನೋಡ್ರಿ” ಎಂದಳು. ಆ ಒಂದು ಮಾತು ಬ್ಯಾನರ್ ಬರೆಸುವ ಮೊದಲೇ ಕಿವಿಗೆ ಬೀಳಬೇಕಿತ್ತು.

ಪಕ್ಕದ ಅಂಗನವಾಡಿಯ ಒಳಕೋಣೆಯದು ಬೇರೆಯೇ ಲೋಕ. ಬಾಗಿಲಿಗೆ ಹಳೆಯ ಸೀರೆಯ ಪರದೆ. ಮಧ್ಯಾಹ್ನದ ಬಿಸಿಲಿಗೆ ಬೇಗ ಮರಳಿದ ಏಳೆಂಟು ಮಂದಿ ಚಾಪೆಯ ಮೇಲೆ ಒತ್ತಿಕೊಂಡು ಕೂತಿದ್ದಾರೆ. ತಲೆಗೂದಲಲ್ಲಿ ಹತ್ತಿಯ ಎಳೆ, ಒಣಗಿದ ಕಾಯಿಯ ಚೂಪು ಗೀರಿದ ಬೆರಳ ತುದಿ. ನರ್ಸಮ್ಮ ಚೀಲದಿಂದ ಸಿಲಿಕೋನ್‌ನ ಸ್ತನದ ಮಾದರಿ ಹೊರತೆಗೆದದ್ದೇ ತಡ, ಸೆರಗುಗಳು ಬಾಯಿಗೆ ಹೋದವು. ಕಿಸಕ್ಕನೆ ನಗೆ. “ಎವ್ವಾ, ಇದನ್ನೂ ಮಾಡ್ಯಾರೇನ!” ಮಾದರಿ ಕೈಯಿಂದ ಕೈಗೆ ದಾಟುತ್ತಾ ಹೋಯಿತು. ಹಿಟ್ಟು ನಾದುವಂತೆ ಅಮುಕಿದವಳಿಗೆ ನರ್ಸಮ್ಮ ತಿದ್ದಿ ಹೇಳಿದಳು: ನಡುವಿನ ಮೂರು ಬೆರಳು ಸೇರಿಸಬೇಕು, ತುದಿಯಿಂದಲ್ಲ, ಬೆರಳಿನ ಮೆತ್ತನೆಯ ಭಾಗದಿಂದ ಒತ್ತಬೇಕು. ಮೊದಲು ಹಗುರಕ್ಕೆ, ಆಮೇಲೆ ಸ್ವಲ್ಪ ಬಿಗಿಯಾಗಿ, ಕೊನೆಗೆ ಪಕ್ಕೆಲುಬು ಸಿಗುವಷ್ಟು. ಕೊರಳ ಎಲುಬಿನಿಂದ ಕೆಳಗಿನ ಮಡಿಕೆಯವರೆಗೆ ಗೆರೆ ಗೆರೆಯಾಗಿ ಬರಬೇಕು, ಕಂಕುಳನ್ನು ಬಿಡಬಾರದು. ಮೂಲೆಯಲ್ಲಿ ಕೂತಿದ್ದ ಹಿರಿಯಳೊಬ್ಬಳು ಕಣ್ಣು ಮುಚ್ಚಿ ಒತ್ತುತ್ತಾ ಹೋಗಿ ಗಕ್ಕನೆ ನಿಂತಳು. “ಇಲ್ಲದ, ಇಲ್ಲದ! ಅರಳಿಯೊಳಗ ಹತ್ತಿಕಾಳು ಸಿಕ್ಕಂಗ ಸಿಗ್ತದ.” ನಗೆ ಅಲ್ಲಿಗೆ ನಿಂತಿತು. ಉಳಿದವರೂ ಮತ್ತೆ ಮಾದರಿಗೆ ಕೈಚಾಚಿದರು. ಯಾವ ಪೋಸ್ಟರ್ ಕೂಡ ಇಷ್ಟು ಚೆನ್ನಾಗಿ ಕಲಿಸಿದ್ದನ್ನು ನಾನು ಕಂಡಿಲ್ಲ.

“ನೋವಾಗಂಗಿಲ್ಲೇನ್ರಿ?” ಒಬ್ಬಳ ಪ್ರಶ್ನೆ. ಕೇಳಬೇಕಾದದ್ದೇ ಅದು. ಕ್ಯಾನ್ಸರ್ ಗಂಟು ಮೊದಮೊದಲು ಸಾಮಾನ್ಯವಾಗಿ ನೋಯುವುದಿಲ್ಲ. ನೋವಿಲ್ಲವೆಂದೇ ಅದನ್ನು ತಿಂಗಳುಗಟ್ಟಲೆ ಕುಪ್ಪಸದೊಳಗೆ ಮುಚ್ಚಿಟ್ಟುಕೊಳ್ಳುತ್ತಾರೆ. ತೊಟ್ಟು ಒಳಕ್ಕೆ ಎಳೆದುಕೊಳ್ಳುವುದು, ಅದರಿಂದ ರಕ್ತ ಜಿನುಗುವುದು, ಚರ್ಮದಲ್ಲಿ ಗುಳಿ ಬೀಳುವುದು, ಒಂದು ಕಡೆಯ ಆಕಾರ ಬದಲಾಗುವುದು, ಇವೂ ಸೂಚನೆಗಳೇ. ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ ಎಂಬುದನ್ನೂ ನರ್ಸಮ್ಮ ಒತ್ತಿ ಹೇಳಿದಳು, ಇಲ್ಲದಿದ್ದರೆ ಹೆದರಿ ಯಾರೂ ಬಾಯಿ ಬಿಡುವುದಿಲ್ಲ. ಸೂಜಿ ಚುಚ್ಚಿ ಪರೀಕ್ಷೆ ಮಾಡಿದರೆ ರೋಗ ಮೈಗೆಲ್ಲ ಹರಡುತ್ತದೆ ಎಂಬ ಮಾತು ಇಲ್ಲಿಯೂ ಇದೆ. ಅದು ಸುಳ್ಳೆಂದು ಮೂರು ಸಲ ಹೇಳಬೇಕಾಯಿತು. ಮೂರನೆಯ ಸಲವೂ ಎಲ್ಲರೂ ನಂಬಿದಂತೆ ಕಾಣಲಿಲ್ಲ.

2022ರ ಜಾಗತಿಕ ಅಂದಾಜಿನಂತೆ ಭಾರತದಲ್ಲಿ ಒಂದೇ ವರ್ಷ ಸುಮಾರು 1.92 ಲಕ್ಷ ಹೆಂಗಸರಲ್ಲಿ ಸ್ತನ ಕ್ಯಾನ್ಸರ್ ಹೊಸದಾಗಿ ಕಾಣಿಸಿಕೊಂಡಿತು, 98 ಸಾವಿರಕ್ಕೂ ಹೆಚ್ಚು ಮಂದಿ ಸತ್ತರು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಕೇಳಿದಾಗ, ಜೀವಮಾನದಲ್ಲಿ ಒಮ್ಮೆಯಾದರೂ ಸ್ತನ ತಪಾಸಣೆ ಮಾಡಿಸಿಕೊಂಡಿದ್ದೇವೆ ಎಂದ 30ರಿಂದ 49 ವಯಸ್ಸಿನವರು ನೂರಕ್ಕೆ ಒಬ್ಬರೂ ಇರಲಿಲ್ಲ.

ಹಾಗಾದರೆ ಊರೂರಿಗೆ ಮ್ಯಾಮೊಗ್ರಾಮ್ ಬಸ್ಸು ಕಳಿಸಬೇಕೆ? ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯ ಇಂದ್ರನೀಲ್ ಮಿತ್ರ ಮತ್ತು ಸಂಗಡಿಗರು ಇನ್ನೊಂದು ದಾರಿ ಹಿಡಿದರು. 1998ರಲ್ಲಿ ಕೊಳೆಗೇರಿಗಳಿಗಿಳಿದು, 35ರಿಂದ 64ರ ಪ್ರಾಯದ ಒಂದೂವರೆ ಲಕ್ಷ ಹೆಂಗಸರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಎರಡು ವರ್ಷಕ್ಕೊಮ್ಮೆ ಬರಿಗೈಯಿಂದಲೇ ತಪಾಸಣೆ, ಒಟ್ಟು ನಾಲ್ಕು ಸುತ್ತು. ತಪಾಸಣೆ ಮಾಡಿದವರು ಡಾಕ್ಟರರಲ್ಲ, ಹತ್ತನೇ ತರಗತಿ ಓದಿ ತರಬೇತಿ ಪಡೆದ ಹೆಂಗಸರು. ಇಪ್ಪತ್ತು ವರ್ಷದ ಲೆಕ್ಕ 2021ರಲ್ಲಿ ಬಿಎಂಜೆ ಪತ್ರಿಕೆಯಲ್ಲಿ ಬಂತು. ರೋಗ ಬಲಿತ ಮೇಲೆ ಪತ್ತೆಯಾದವರು ತಪಾಸಣೆ ಇಲ್ಲದ ಗುಂಪಿನಲ್ಲಿ ನೂರಕ್ಕೆ 47, ತಪಾಸಣೆಯ ಗುಂಪಿನಲ್ಲಿ 37. ಐವತ್ತು ದಾಟಿದವರಲ್ಲಿ ಸಾವು ಶೇ 30ರಷ್ಟು ಇಳಿದಿತ್ತು. ಐವತ್ತರ ಒಳಗಿನವರಲ್ಲಿ ಸಾವಿನ ಪ್ರಮಾಣ ಅಷ್ಟು ಕದಲಲಿಲ್ಲ, ಅದನ್ನೂ ಹೇಳಬೇಕು. ಕೈಬೆರಳುಗಳ ಬಲಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಆದರೆ ಶಂಕೆ ಬಂದವರು ಹೋಗಬೇಕಾದ ಆಸ್ಪತ್ರೆ ಅದೇ ಊರಿನಲ್ಲಿತ್ತು ಎನ್ನುವುದನ್ನು ನಾವು ಮರೆಯುತ್ತೇವೆ.

ನಮ್ಮಲ್ಲಿ ಕಾಗದದ ಮೇಲೆ ಎಲ್ಲವೂ ಇದೆ. ಮೂವತ್ತು ದಾಟಿದ ಹೆಂಗಸರಿಗೆ ಐದು ವರ್ಷಕ್ಕೊಮ್ಮೆ ಕೈತಪಾಸಣೆ ಎಂದು ಕೇಂದ್ರ 2016ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಮುಂಬೈಯಲ್ಲಿ ಎರಡು ವರ್ಷ, ಇಲ್ಲಿ ಐದು. ಆಶಾ ಕಾರ್ಯಕರ್ತೆ ತುಂಬುವ ಫಾರ್ಮಿನಲ್ಲಿ ಗಂಟಿದೆಯೇ, ತೊಟ್ಟಿನಿಂದ ರಕ್ತ ಬರುತ್ತದೆಯೇ ಎಂಬ ಪ್ರಶ್ನೆಗಳಿವೆ. ಒಂದು ಫಾರ್ಮಿಗೆ ಆಕೆಗೆ ಸಿಗುವ ಪ್ರೋತ್ಸಾಹಧನ ಹತ್ತು ರೂಪಾಯಿ. ನಾಚುವ ಹೆಂಗಸನ್ನು ಹಿತ್ತಿಲಿಗೆ ಕರೆದೊಯ್ದು, ಅತ್ತೆಯ ಕಿವಿಗೆ ಬೀಳದಂತೆ ಕೇಳಿ, ಬರೆದುಕೊಂಡು ಬರುವುದಕ್ಕೆ ಹತ್ತು ರೂಪಾಯಿ.

ಇನ್ನು ಗಂಟು ಸಿಕ್ಕಿತು ಎಂದಿಟ್ಟುಕೊಳ್ಳಿ. ಆಯುಷ್ಮಾನ್ ಕಾರ್ಡಿದ್ದರೆ ಬಡ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ಚಿಕಿತ್ಸೆ ಇದೆ. ಆದರೆ ಕಾರ್ಡು ಕೆಲಸ ಮಾಡುವುದು ಆಸ್ಪತ್ರೆಯಲ್ಲಿ ದಾಖಲಾದ ಮೇಲೆ. ಗಂಟಿಗೂ ದಾಖಲಾತಿಗೂ ನಡುವೆ ಸ್ಕ್ಯಾನಿಂಗ್ ಇದೆ, ಸೂಜಿ ಪರೀಕ್ಷೆ ಇದೆ, ‘ರಿಪೋರ್ಟ್ ಮುಂದಿನ ವಾರ ಬರ್ರಿ’ ಇದೆ. ಮೊದಲು ರಾಯಚೂರು, ಅಲ್ಲಿಂದ ಕಿದ್ವಾಯಿ ಸಂಸ್ಥೆಯ ಕಲಬುರಗಿ ಕೇಂದ್ರ, ಇಲ್ಲವೇ ನಾನೂರು ಕಿಲೋಮೀಟರ್ ದೂರದ ಬೆಂಗಳೂರು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸಿಗೆ ಸರಕಾರಿ ಬಸ್ಸಿನ ಚಾರ್ಜು ಇಲ್ಲ. ದೊಡ್ಡ ಉಪಕಾರವದು, ನಿಜ. ಆದರೆ ಆಕೆಯನ್ನು ಒಬ್ಬಳನ್ನೇ ಕಳಿಸುವುದಿಲ್ಲವಲ್ಲ. ಜೊತೆಗೆ ಬರುವ ಗಂಡನಿಗೆ ಟಿಕೆಟ್ ಬೇಕು, ಇಬ್ಬರ ಕೂಲಿ ಹೋಗುತ್ತದೆ, ಮಕ್ಕಳನ್ನು ನೋಡಿಕೊಳ್ಳುವವರು ಬೇಕು, ಊಟ ವಸತಿ ಬೇಕು. “ಹತ್ತಿ ಮುಗೀಲಿ, ಆಮೇಲೆ ನೋಡೂಣು” ಎನ್ನುವ ಹೊತ್ತಿಗೆ ಹತ್ತಿಯ ಹಿಂದೆ ಮೆಣಸಿನಕಾಯಿ ಕೆಂಪಾಗಿರುತ್ತದೆ.

ಅಮೆರಿಕದ ತಪ್ಪು ಇದರ ತಿರುಗುಮುರುಗು. ಬಡ ಹೆಂಗಸರ ತಪಾಸಣೆಗೆ 1990ರಲ್ಲಿ ಕಾನೂನು ಮಾಡಿ ಹಣ ಕೊಟ್ಟರು, ರೋಗ ಸಿಕ್ಕರೆ ಚಿಕಿತ್ಸೆಗೆ ದುಡ್ಡಿರಲಿಲ್ಲ. ಅದನ್ನು ತುಂಬಲು 2000ದಲ್ಲಿ ಇನ್ನೊಂದು ಕಾನೂನು ಬರಬೇಕಾಯಿತು. ನಮ್ಮಲ್ಲಿ ಚಿಕಿತ್ಸೆಗೆ ಕಾರ್ಡಿದೆ, ಶಿಬಿರಕ್ಕೆ ದಾನಿಗಳಿದ್ದಾರೆ, ನಡುವಿನ ಆ ಎರಡು ಮೂರು ವಾರಕ್ಕೆ ಯಾರೂ ಇಲ್ಲ.

ಸಂಜೆ ನಾಲ್ಕಕ್ಕೆ ಬಸ್ಸಿನವರು ಫೋಟೊ ತೆಗೆಸಿಕೊಂಡರು. ಟಂಟಂಗಳು ಹೊಲದಿಂದ ಮರಳುವುದು ಆರಕ್ಕೆ.

ಶಿಬಿರಗಳಿಗೆ ಹಣ ಕೊಡುವವರಲ್ಲಿ ಒಂದು ಕೇಳಿಕೆ. ಅಕ್ಟೋಬರ್ ಬಿಟ್ಟು ಊರಿನವರು ಹೇಳಿದ ದಿನ ಬನ್ನಿ. ಬಸ್ಸಿಗೆ ಇಟ್ಟ ಹಣದಲ್ಲಿ ಒಂದು ಪಾಲನ್ನು ಗಂಟು ಸಿಕ್ಕವಳ ಕೂಲಿ ತುಂಬಿಕೊಡಲು, ಗಂಡನ ಟಿಕೆಟ್‌ಗೆ, ಜೊತೆಗೆ ಹೋಗುವ ಆಶಾ ಕಾರ್ಯಕರ್ತೆಯ ದಿನಭತ್ಯೆಗೆ ತೆಗೆದಿಡಿ. ಮತ್ತು ವರ್ಷದ ವರದಿಯಲ್ಲಿ ಎಷ್ಟು ಹೆಂಗಸರನ್ನು ತಪಾಸಣೆ ಮಾಡಿದೆವು ಎಂಬ ಅಂಕಿಯ ಪಕ್ಕದಲ್ಲೇ, ಗಂಟು ಸಿಕ್ಕವರಲ್ಲಿ ಎಷ್ಟು ಮಂದಿ ಸೂಜಿ ಪರೀಕ್ಷೆಯವರೆಗೆ ತಲುಪಿದರು ಎಂಬ ಅಂಕಿಯನ್ನೂ ಅಚ್ಚು ಹಾಕಿಸಿ.