ಈದ ಆಕಳ ಉಸಿರು ಮೂಸಿ ನೋಡಿ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆ ಬೇಸಿಗೆ ಮೇವೆಂದರೆ ಒಣ ಜೋಳದ ಸೊಪ್ಪೆ, ಶೇಂಗಾ ಹೊಟ್ಟು. ಆಗ ಹೆಚ್ಚು ಹಾಲಿನ ಮಿಶ್ರತಳಿ ಆಕಳು ಈದರೆ ಕೆಲವು ವಾರಗಳಲ್ಲೇ ಒಂದು ತೊಂದರೆ ಬರಬಹುದು. ಮೊದಲು ಹಿಂಡಿ ಬಿಡುತ್ತದೆ, ಒಣಮೇವಿಗೆ ಮಾತ್ರ ಬಾಯಿ ಹಾಕುತ್ತದೆ. ಹಾಲು ಇಳಿಯುತ್ತದೆ, ಸಗಣಿ ಗಟ್ಟಿಯಾಗುತ್ತದೆ, ಮೈ ಕರಗುತ್ತದೆ. ಸಾಮಾನ್ಯವಾಗಿ ಜ್ವರ ಇರದು. 'ದೃಷ್ಟಿ ತಾಗೈತೆ' ಅಂತ ನೀವಳಿಸಿ ದಿನ ಕಳೆಯುವುದುಂಟು. ಇದು ಕೀಟೋಸಿಸ್ ಇರಬಹುದು. ಗುರುತು ಉಸಿರಿನಲ್ಲೇ ಇದೆ.

ವಾಸನೆ ಎಲ್ಲಿಯದು?

ಕೆಚ್ಚಲಿಗೆ ಹೋಗುವಷ್ಟು ಶಕ್ತಿ ಗೋದಲಿಯಿಂದ ಸಿಗದಿದ್ದರೆ ಆಕಳು ತನ್ನ ಮೈಕೊಬ್ಬನ್ನೇ ಕರಗಿಸುತ್ತದೆ. ಪಿತ್ತಜನಕಾಂಗ ಅಷ್ಟು ಕೊಬ್ಬನ್ನು ಪೂರ್ತಿ ಉರಿಸಲಾರದೆ ಕೀಟೋನ್ ಎಂಬ ವಸ್ತುಗಳನ್ನು ಮಾಡುತ್ತದೆ. ಅದರಲ್ಲಿ ಅಸಿಟೋನ್ ಬೇಗ ಆವಿಯಾಗುವಂಥದ್ದು. ರಕ್ತದಿಂದ ಉಸಿರು, ಹಾಲು, ಗಂಜಲಕ್ಕೆ ಇಳಿಯುತ್ತದೆ. ಉಗುರುಬಣ್ಣ ಅಳಿಸುವ ದ್ರವದಂತೆ, ಇಲ್ಲವೇ ಕಳಿತ ಹಣ್ಣಿನಂತೆ ಸಿಹಿ ವಾಸನೆ ಮೂಗಿಗೆ ಹೊಡೀತದೆ.

ಈ ವಾಸನೆ ಎಲ್ಲರ ಮೂಗಿಗೂ ಸಿಗದು. ಮನೆಯ ನಾಲ್ಕು ಜನ ಮೂಸಿ ನೋಡಲಿ. ವಾಸನೆ ಇಲ್ಲವೆಂದ ಮಾತ್ರಕ್ಕೆ ರೋಗವಿಲ್ಲ ಎನ್ನುವಂತಿಲ್ಲ.

ಹುಷಾರ್! ಜೊಲ್ಲು ಸುರಿಸುವ, ನುಂಗಲಾರದ, ಹುಚ್ಚುಹುಚ್ಚಾಗಿ ಆಡುವ ದನದ ಬಾಯಿಗೆ ಮೂಗು, ಕೈ ಒಡ್ಡಬೇಡಿ. ಅದು ಹುಚ್ಚುನಾಯಿ ರೋಗವೂ ಇರಬಹುದು. ಕೀಟೋಸಿಸ್‌ನಲ್ಲೂ ಕೆಲವು ಆಕಳು ಹೀಗೇ ಆಡುತ್ತವೆ. ಗೊತ್ತು ಮಾಡುವುದು ಡಾಕ್ಟರ ಕೆಲಸ.

ಬಣ್ಣದ ಪರೀಕ್ಷೆ

1908ರಲ್ಲಿ ರೊಥೇರಾ ಎಂಬ ವಿಜ್ಞಾನಿ ವಿವರಿಸಿದ ಪರೀಕ್ಷೆ ಇಂದಿಗೂ ಬಳಕೆಯಲ್ಲಿದೆ. ಸೂಜಿ ಚುಚ್ಚಬೇಕಿಲ್ಲ. ಪುಡಿಗೆ ಗಂಜಲ ಅಥವಾ ಹಾಲಿನ ಹನಿ ಬಿಟ್ಟಾಗ ನೇರಳೆ ಬಣ್ಣ ಬಂದರೆ ಕೀಟೋನ್ ಇದೆ. ಗಂಜಲ ಸಣ್ಣ ಏರಿಕೆಗೂ ಬಣ್ಣ ಕೊಡುತ್ತದೆ. ಹಾಲಿನಲ್ಲೂ ಬಂದರೆ ರೋಗ ಹೆಚ್ಚು ಖಚಿತ. ಶುದ್ಧ ಬಾಟಲಿಯಲ್ಲಿ ತಾಜಾ ಗಂಜಲ ಹಿಡಿದು ಪಶು ಆಸ್ಪತ್ರೆಗೆ ಒಯ್ಯಿರಿ, ಇಲ್ಲವೇ 1962ಕ್ಕೆ ಫೋನ್ ಮಾಡಿ.

ಬೆಲ್ಲ ತಿನ್ನಿಸಿದರೆ ಸಾಲದು. ದೊಡ್ಡ ಹೊಟ್ಟೆಯ ಜೀವಾಣುಗಳು ಅದನ್ನು ಹುಳಿಸಿಬಿಡುತ್ತವೆ, ಸಕ್ಕರೆಯಾಗಿ ರಕ್ತಕ್ಕೆ ಸೇರುವುದು ಅತ್ಯಲ್ಪ. ಡಾಕ್ಟರು ನರಕ್ಕೆ ಗ್ಲೂಕೋಸ್ ಏರಿಸುತ್ತಾರೆ, ಬಾಯಿಗೆ ಪ್ರೊಪಿಲೀನ್ ಗ್ಲೈಕಾಲ್ ಕೊಡಿಸುತ್ತಾರೆ. ಬೇಗ ಹಿಡಿದರೆ ಹಾಲು ಮತ್ತೆ ಏರುತ್ತದೆ.

ಕುರಿ ಸಾಕುವವರಿಗೆ

ಕುರಿಯಲ್ಲಿ ಇದು ಈಯುವ ಮೊದಲೇ ಬರುತ್ತದೆ. ಅವಳಿ ಮರಿ ಹೊತ್ತ ಕುರಿ ಗಬ್ಬದ ಕೊನೆ ವಾರಗಳಲ್ಲಿ ಹಿಂಡು ಬಿಟ್ಟು ನಿಲ್ಲುವುದು, ಹಲ್ಲು ಕಡಿಯುವುದು, ಕಣ್ಣು ಕಾಣದಂತೆ ಮುಗ್ಗರಿಸುವುದು, ಉಸಿರಿನಲ್ಲಿ ಅದೇ ವಾಸನೆ. ನೆಲ ಹಿಡಿದ ಮೇಲೆ ಉಳಿಯುವುದು ಕಷ್ಟ. ಗಬ್ಬದ ಕೊನೆಯ ಆರು ವಾರ ದಿನಾ ಸ್ವಲ್ಪ ಕಾಳು, ಹಸಿಮೇವು ಕೊಡುವುದೇ ಮದ್ದು.

ಆಕಳಿಗೂ ಅಷ್ಟೇ: ಬತ್ತಿದಾಗ ಕೊಬ್ಬಿಸಬೇಡಿ, ಈದ ಮೇಲೆ ಹಿಂಡಿಯನ್ನು ದಿನದಿನಕ್ಕೆ ಸ್ವಲ್ಪಸ್ವಲ್ಪವೇ ಏರಿಸಿ.

ಸಕ್ಕರೆ ಕಾಯಿಲೆಯ ಮನುಷ್ಯರ ಉಸಿರಿಗೂ ಈ ವಾಸನೆ ಬರುವುದುಂಟು. ಜೊತೆಗೆ ವಾಂತಿ, ಏದುಸಿರು ಇದ್ದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ.